ಅನುಮತಿ ಪಡೆದ ಬೆಂಕಿ

ನೋಟಿಸಿನಲ್ಲಿ ಅದನ್ನು ‘ಅನಧಿಕೃತ ಬಯಲು ದಹನ ಸಾಧನ’ ಎಂದು ಬರೆದಿದ್ದರು. ನೊರೀನ್ ಅದನ್ನು ಒಲೆ ಎನ್ನುತ್ತಿದ್ದಳು. ಪೇಟೆಯಂಚಿನ ನಮ್ಮ ಮೂಲನಿವಾಸಿಗಳ ಕ್ಯಾಂಪಿನ ನಾಯಿಗಳಿಗೂ ಅದು ಒಲೆ ಎಂದು ಗೊತ್ತಿತ್ತು. ನಮಗೆ ಸರ್ಕಾರಿ ಮನೆ ಕೊಟ್ಟ, ಓದಿ ಬರೆದು ಡಿಗ್ರಿ ತಗೊಂಡ ವಸತಿ ಆಫೀಸಿನವರಿಗೆ ಮಾತ್ರ ಗೊತ್ತಿರಲಿಲ್ಲ.

ಇನ್ನೂರು ಲೀಟರಿನ ಡೀಸೆಲ್ ಡ್ರಮ್ಮು. ಅರ್ಧಕ್ಕಿಂತ ಸ್ವಲ್ಪ ಮೇಲೆ ಕತ್ತರಿಸಿದ್ದು. ಪಕ್ಕದಲ್ಲಿ ಸೌದೆ ತುರುಕಲು ಒಂದು ಬಾಯಿ. ಸುತ್ತಲೂ ಗಾಳಿಯಾಡಲು ಹೊಡೆದ ತೂತುಗಳು. ಮೇಲೆ ಮುಚ್ಚಲು, ಪಾದ್ರಿಗಳ ಹಳೇ ಮಿಷನ್ನಿನ ತೋಟದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ನೇಗಿಲಿನ ಉಕ್ಕಿನ ತಟ್ಟೆ. ಮಾಂಸ ಹುರಿಯಲು ಅದೇ ಕಾವಲಿ. ಹಿಂದೆ ಬೋರಿನ ಪೈಪಿನಿಂದ ಮಾಡಿದ ಹೊಗೆಗೊಳವೆ. ಮಾಡಿದವನು ನೊರೀನಳ ತಮ್ಮ. ಬಿಳಿಯರ ದನದ ಫಾರಮ್ಮಿನಲ್ಲಿ ಇಪ್ಪತ್ತು ವರ್ಷ ಬೇಲಿ ಬೆಸೆದ ಕೈ ಅವನದು. ಮೇ ತಿಂಗಳಲ್ಲಿ ಸತ್ತ. ಅವನ ಹೆಸರು ನಾನು ಹೇಳುವುದಿಲ್ಲ. ಸತ್ತವರ ಹೆಸರು ಎತ್ತಬಾರದು. ಎಲ್ಲರೂ ಈಗ ಅವನನ್ನು ಕುಮಾಂಜಾಯಿ ಎನ್ನುತ್ತಾರೆ, ಹೆಸರು ಹೇಳಬಾರದವನು ಎಂದು. ಪೇಟೆಯಲ್ಲಿ ಟೈರು ಮಾರುವ ಬಿಳಿಯನೊಬ್ಬನಿಗೂ ಅದೇ ಹೆಸರಿತ್ತು. ಅವನನ್ನೂ ಕುಮಾಂಜಾಯಿ ಎಂದೇ ಕರೆಯಲು ಶುರುಮಾಡಿದರು. ಅವನಿಗೆ ಸಿಟ್ಟು ಬಂತು. ಬರಲಿ.

ಕುಮಾಂಜಾಯಿ ಸತ್ತದ್ದು ಮನೆಯೊಳಗೆ, ನಡುಕೋಣೆಯಲ್ಲಿ, ಎದೆ ಹಿಡಿದುಕೊಂಡು. ಅವತ್ತೇ ನೊರೀನ್ ಅವ್ವನನ್ನು ಕರೆದುಕೊಂಡು ಹೊರಗೆ ಬಂದಳು. ಹಾಸಿಗೆ, ಕಂಬಳಿ, ಚಹಾದ ಡಬ್ಬಿ, ಕೊಡಲಿ ಎಲ್ಲ ಹೊರಗೆ ಬಂದವು. ಬಾಗಿಲು ಎಳೆದುಕೊಂಡಳು. ಸಾವಾದ ಮನೆಯಲ್ಲಿ ಇರುವಂತಿಲ್ಲ. ಮಣ್ಣು ಮಾಡಿ ಬಂದು, ಹಸಿ ಸೊಪ್ಪಿನ ಹೊಗೆಯನ್ನು ಕೋಣೆ ಕೋಣೆಗೂ ಹಿಡಿದು, ಸತ್ತವನ ಹೆಜ್ಜೆ ಗುಡಿಸಿ ಹಾಕಿದ ಮೇಲೇ ಒಳಗೆ ಕಾಲಿಡುವುದು. ಆದರೆ ಮಣ್ಣು ಮಾಡಲು ಹೆಣವೇ ಇರಲಿಲ್ಲ. ಯಾಕೆ ಸತ್ತ ಎಂದು ಕೊಯ್ದು ನೋಡಲು ಸಾವಿರದೈನೂರು ಕಿಲೋಮೀಟರ್ ದೂರದ ನಗರಕ್ಕೆ ಒಯ್ದಿದ್ದರು. ಬದುಕಿದ್ದಾಗ ಎದೆನೋವು ಎಂದು ಮೂರು ಸಲ ಹೋದರೆ ಮಾತ್ರೆ ಕೊಟ್ಟು ಸಾಗಹಾಕಿದ್ದರು. ಸತ್ತ ಮೇಲೆ ಅವನ ಎದೆಯ ಮೇಲೆ ಅವರಿಗೆಲ್ಲ ಭಾರೀ ಅಕ್ಕರೆ.

ಜೂನ್ ಹೋಯಿತು. ಜುಲೈ ಬಂತು. ಈ ಮರಳುಗಾಡಿನಲ್ಲಿ ಜುಲೈ ಎಂದರೆ ಮೂಳೆ ಕೊರೆಯುವ ಚಳಿ. ಬೆಳಿಗ್ಗೆ ಎದ್ದರೆ ಬಕೆಟ್ಟಿನ ನೀರು ಹೆಪ್ಪುಗಟ್ಟಿರುತ್ತದೆ. ಅಂಗಳದಲ್ಲಿ ಮೂರು ತಗಡು ಅಡ್ಡ ನಿಲ್ಲಿಸಿ, ಮರೆ ಮಾಡಿ, ನಡುವೆ ಒಲೆ ಇಟ್ಟುಕೊಂಡು ಅವ್ವ ಮಗಳು ಇದ್ದರು. ಅವ್ವ ಡಲ್ಸಿಗೆ ಎಂಬತ್ತು ದಾಟಿದೆ. ಎದೆಯಲ್ಲಿ ಕಫ. ಕ್ಲಿನಿಕ್ಕಿನ ನರ್ಸು ಸ್ಪಷ್ಟವಾಗಿ ಹೇಳಿದ್ದಳು: ‘ಇನ್ನೊಂದು ಸಲ ಎದೆ ಕಟ್ಟಿತೋ, ಮುದುಕರ ಹಾಸ್ಟೆಲ್ಲಿಗೆ ಕಳಿಸ್ತೀನಿ. ಬೆಚ್ಚಗಿಡಿ.’

ಆ ಹಾಸ್ಟೆಲ್ಲಿಗೆ ಡಲ್ಸಿಯ ತಂಗಿಯೂ ಹೋಗಿದ್ದಳು. ಬಿಳೀ ಗೋಡೆ, ಬಿಳೀ ಹಾಸಿಗೆ, ಅವಳ ಮಾತು ಬರುವವರು ಒಬ್ಬರೂ ಇಲ್ಲ. ಹದಿನೇಳು ದಿನಕ್ಕೆ ಪೆಟ್ಟಿಗೆಯಲ್ಲಿ ವಾಪಸು ಬಂದಳು. ಅವ್ವ ಅಲ್ಲಿಗೆ ಹೋಗಬಾರದು. ನೊರೀನಳಿಗೆ ಇದ್ದದ್ದು ಇದೊಂದೇ ಹಟ.

ಅವ್ವನನ್ನು ಬೆಚ್ಚಗಿಡುವುದು ಎಂದರೆ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಕ್ಯಾಂಪಿನ ಸುತ್ತ ಒಂದು ಒಣಕಡ್ಡಿ ಉಳಿದಿಲ್ಲ. ನಾಲ್ಕು ಕಿಲೋಮೀಟರ್ ಆಚೆ, ಬತ್ತಿದ ಹಳ್ಳ ದಾಟಿದ ಮೇಲೆ ಮಲ್ಗಾ ಮರಗಳು. ಕಬ್ಬಿಣದಂಥ ಸೌದೆ, ಒಂದು ದಿಮ್ಮಿ ಹಾಕಿದರೆ ಬೆಳಗಿನವರೆಗೆ ಕೆಂಡ. ನೊರೀನ್ ಮತ್ತು ಅವಳ ದೊಡ್ಡಪ್ಪನ ಮಗಳು ಮ್ಯಾಕ್ಸೀನ್, ಕೆಟ್ಟು ನಿಂತ ಕಾರಿನ ಬಾನೆಟ್ ಕಳಚಿ, ಅಂಗಾತ ಮಲಗಿಸಿ, ಹಗ್ಗ ಕಟ್ಟಿ, ಅದರ ಮೇಲೆ ಸೌದೆ ಹೇರಿ ಎಳೆಯುತ್ತಿದ್ದರು. ಹಗ್ಗ ಹೆಗಲ ಚರ್ಮ ಕಿತ್ತಿತ್ತು. ಒಣಗಿ ಸತ್ತ ಮರವನ್ನೇ ಆರಿಸಿ ಕಡಿಯಬೇಕು. ಒಂದೊಂದು ಏಟಿಗೂ ಕೊಡಲಿ ತಿರುಗಿ ಮುಖಕ್ಕೆ ಬರುತ್ತದೆ. ನೊರೀನಳಿಗೆ ಐವತ್ತೆಂಟು ವರ್ಷ. ಮಂಡಿ ಎರಡೂ ಹೋಗಿವೆ. ವಾರಕ್ಕೆ ಮೂರು ಸಲ ಹೋಗುತ್ತಿದ್ದಳು.

ಮನೆಯೊಳಗೆ ಕರೆಂಟಿನ ಒಲೆ ಇತ್ತಲ್ಲ ಎಂದು ಕೇಳುವ ಜಾಣರಿಗೆ ಹೇಳುತ್ತೇನೆ. ಇತ್ತು. ಸುಟ್ಟುಹೋಗಿ ಹದಿನಾಲ್ಕು ತಿಂಗಳಾಗಿತ್ತು. ತಮ್ಮ ಬದುಕಿದ್ದಾಗಲೇ ದೂರು ಕೊಟ್ಟಿದ್ದ. ರಿಪೇರಿಗೆ ಹದಿನಾಲ್ಕು ತಿಂಗಳಲ್ಲಿ ಒಬ್ಬನೂ ಬರಲಿಲ್ಲ. ಅಂಗಳದ ಒಲೆ ಕೀಳಲು ನೋಟಿಸು ಕೊಟ್ಟ ಮೂರನೇ ದಿನಕ್ಕೆ ಇಬ್ಬರು ಬಂದರು.

ಒಬ್ಬ ಕ್ರೇಗ್. ವಸತಿ ಆಫೀಸಿನ ಅಧಿಕಾರಿ, ಇಪ್ಪತ್ತೊಂಬತ್ತು ವರ್ಷದವನು. ಕೈಯಲ್ಲಿ ಟ್ಯಾಬ್ಲೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ. ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಇನ್ನೊಬ್ಬ ಲಯನಲ್. ಆಫೀಸಿನ ಟ್ರಕ್ಕು ಓಡಿಸುವವನು, ಭಾರ ಎತ್ತುವವನು, ನಮ್ಮವರ ಹತ್ತಿರ ಮಾತಾಡಲು ಇಟ್ಟುಕೊಂಡವನು. ಮೂರು ಕೆಲಸಕ್ಕೆ ಒಂದು ಸಂಬಳ. ಲಯನಲ್ ನೊರೀನಳ ಮಗಳ ಗಂಡ.

ಅತ್ತೆ ಅಳಿಯ ಮುಖ ನೋಡುವಂತಿಲ್ಲ, ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ಅದು ಜಗಳವಲ್ಲ, ಮರ್ಯಾದೆ. ಟ್ರಕ್ಕು ನಿಂತದ್ದೇ ನೊರೀನ್ ಬೆನ್ನು ತಿರುಗಿಸಿ ತಗಡಿನ ಕಡೆ ಕೂತಳು. ಲಯನಲ್ ಕೆಳಗಿಳಿದು ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನಿಂತ.

‘ಗುಡ್ ಮಾರ್ನಿಂಗ್ ನೊರೀನ್,’ ಎಂದ ಕ್ರೇಗ್, ಅವಳು ತನ್ನ ಜೊತೆ ಶಾಲೆಗೆ ಹೋದವಳು ಎಂಬಂತೆ. ‘ಲಯನಲ್, ನೋಟಿಸಿನ ವಿಷಯ ಇವರಿಗೆ ಅರ್ಥ ಆಗೋ ಹಾಗೆ ನಿಮ್ಮ ಭಾಷೇಲಿ ಹೇಳು.’

ಲಯನಲ್ ಟ್ಯಾಂಕಿನ ತುಕ್ಕನ್ನು ಉಗುರಿನಿಂದ ಕೆರೆದ.

‘ಲಯನಲ್? ಅವರು ಅಲ್ಲಿದಾರೆ. ಟ್ಯಾಂಕ್ ಜೊತೆ ಅಲ್ಲ, ಅವರ ಜೊತೆ ಮಾತಾಡು.’

ಎದುರು ಅಂಗಳದಲ್ಲಿ ಮ್ಯಾಕ್ಸೀನ್ ಬಟ್ಟೆ ಹಿಂಡುತ್ತಿದ್ದಳು. ಹಿಂಡುವುದು ಬಿಟ್ಟು ನಕ್ಕಳು. ‘ಅಯ್ಯೋ ದೊರೆ! ಅಳಿಯನ್ನ ತಂದು ಅತ್ತೆ ಮುಂದೆ ನಿಲ್ಲಿಸಿದೀಯಲ್ಲೋ! ನಾಚಿಕೆಗೆಟ್ಟೋನೆ! ಅವನಿಗೆ ಬಟ್ಟೆನೂ ಬಿಚ್ಚಿಸಿಬಿಡು, ಒಂದು ಬಾಕಿ ಯಾಕೆ?’

ಕ್ರೇಗನಿಗೆ ಏನೂ ತಿಳಿಯಲಿಲ್ಲ. ತಿಳಿಯುವ ಕೆಲಸಕ್ಕೆ ಅವನಿಗೆ ಸಂಬಳವಿರಲಿಲ್ಲ. ಲಯನಲ್ ಬಗ್ಗಿ, ಟ್ಯಾಂಕಿನ ನೆರಳಲ್ಲಿ ಮಲಗಿದ್ದ ಕಂದು ನಾಯಿಯ ಕಡೆ ನೋಡಿ ಹೇಳಿದ: ‘ನಾಯಿ, ಕೇಳು. ಒಲೆ ತಗೊಂಡು ಹೋಗ್ತಾರಂತೆ. ಮನೆ ಖಾಲಿ ಇದೆ ಅಂತ ಬರ್ಕೊಂಡಿದಾರೆ. ನನಗೆ ಹೊರು ಅಂತಿದಾರೆ. ನನ್ನ ಮೇಲೆ ಸಿಟ್ಟಾಗಬೇಡ.’

‘ನಾಯಿಗೆ ಸಿಟ್ಟಿಲ್ಲ,’ ಎಂದಳು ನೊರೀನ್ ತಗಡಿಗೆ. ‘ನಾಯಿಗೆ ಬುದ್ಧಿ ಇದೆ.’

ಕ್ರೇಗ್ ಅಂಗಳದಲ್ಲಿ ಸುತ್ತಾಡಿದ. ಕಿಟಕಿಯಿಂದ ಇಣುಕಿದ. ‘ಒಳಗೆ ಯಾರೂ ವಾಸ ಮಾಡ್ತಿಲ್ಲ. ನೀವು ಮನೆ ತೊರೆದಿದ್ದೀರಿ ಅಂತ ತೋರುತ್ತೆ. ಕಾಯುವವರ ಪಟ್ಟಿಯಲ್ಲಿ ಬೇರೆ ಕುಟುಂಬಗಳಿವೆ ನೊರೀನ್.’

‘ತೊರೆದಿಲ್ಲ. ಸಾವಾಗಿದೆ.’

‘ಸಾವಾಗಿ ಎರಡು ತಿಂಗಳಾಯ್ತಲ್ಲ?’

‘ನಿಮ್ಮೋರು ಹೆಣ ಕೊಟ್ಟಿಲ್ಲವಲ್ಲ? ಮಣ್ಣಾಗಬೇಕು. ಹೊಗೆ ಹಾಕಬೇಕು. ಆಮೇಲೆ ಒಳಗೆ.’

‘ಹೊಗೆ ಅಂದ್ರೆ ಬೆಂಕಿ. ವಠಾರದಲ್ಲಿ ಬೆಂಕಿ ನಿಷೇಧ. ಪುಟ ಎರಡು, ಕಲಮು ಐದು.’

ಹೊಗೆ ಹಾಕದೆ ಒಳಗೆ ಹೋಗುವಂತಿಲ್ಲ. ಹೊಗೆ ಹಾಕಲು ಬೆಂಕಿ ಹಚ್ಚುವಂತಿಲ್ಲ. ಒಳಗೆ ಹೋಗದಿದ್ದರೆ ಮನೆ ಕಸಿಯುತ್ತಾರೆ. ಹೊರಗೆ ಬೆಂಕಿಯಿಲ್ಲದಿದ್ದರೆ ಅವ್ವ ಸಾಯುತ್ತಾಳೆ. ಇಷ್ಟು ಚಂದದ ಉರುಳು ಹೆಣೆಯಲು ಎಷ್ಟು ಜನ ಎಷ್ಟು ದಿನ ಹವಾನಿಯಂತ್ರಣದಲ್ಲಿ ಕೂತಿದ್ದರೋ!

‘ಈ ಸಾಧನ ಯಾರದು?’ ಎಂದ ಕ್ರೇಗ್, ಟ್ಯಾಬ್ಲೆಟ್ಟು ತೆರೆದು.

‘ನನ್ನ ತಮ್ಮನದು.’

‘ಹೆಸರು?’

ನೊರೀನ್ ಅವ್ವನ ಕಂಬಳಿ ಎಳೆದು ಸರಿಮಾಡಿದಳು.

‘ಹೆಸರು ಹೇಳಿದ್ರೆ ರಸೀದಿ ಕೊಡ್ತೀನಿ. ದಂಡ ಕಟ್ಟಿ ಬಿಡಿಸ್ಕೋಬಹುದು. ಹೆಸರು ಹಾಕದೆ ಮುಂದಿನ ಪುಟಕ್ಕೆ ಹೋಗಲ್ಲ ಇದು.’

‘ಕುಮಾಂಜಾಯಿ ಅಂತ ಹಾಕು.’

‘ಅದು ನಿಜವಾದ ಹೆಸರಾ?’

‘ಈಗ ಅದೇ ನಿಜ.’

‘ದಾಖಲೆಯಲ್ಲಿರೋ ಹೆಸರು ಬೇಕು.’

ಡಲ್ಸಿ ಕಂಬಳಿಯೊಳಗಿಂದ ಕೆಮ್ಮಿದಳು. ಹೆತ್ತವಳ ಕಿವಿಯೆದುರು ಸತ್ತ ಮಗನ ಹೆಸರು ಎತ್ತುವುದೆಂದರೆ ಅವಳ ಕೆನ್ನೆಗೆ ಹೊಡೆದ ಹಾಗೆ. ನೊರೀನ್ ಹೇಳಿದ್ದರೆ ಒಲೆ ರಸೀದಿಯ ಮೇಲಾದರೂ ಅವಳದಾಗಿ ಉಳಿಯುತ್ತಿತ್ತು. ಹೇಳಲಿಲ್ಲ. ಕ್ರೇಗ್ ನಿಟ್ಟುಸಿರು ಬಿಟ್ಟು ಒಂದು ಗುಂಡಿ ಒತ್ತಿದ. ‘ವಾರಸುದಾರರಿಲ್ಲದ ಸ್ವತ್ತು’ ಎಂದು ದಾಖಲಾಯಿತು. ವಾರಸುದಾರಳು ಮೂರು ಮಾರು ದೂರದಲ್ಲಿ ಕೂತಿದ್ದಳು, ಅಕ್ಕ. ಇನ್ನೂ ಹತ್ತಿರದಲ್ಲಿ ಇನ್ನೊಬ್ಬಳು ಕೆಮ್ಮುತ್ತಿದ್ದಳು, ಹೆತ್ತವಳು.

ಒಲೆಯೊಳಗೆ ಬೂದಿಯಲ್ಲಿ ರೊಟ್ಟಿ ಬೇಯುತ್ತಿತ್ತು. ಡಲ್ಸಿಗೆ ಬೆಳಗಿನ ಊಟ. ‘ಅದೊಂದು ಬೇಯಲಿ,’ ಎಂದಳು ನೊರೀನ್. ‘ಕಾಲು ಗಂಟೆ.’

ಕ್ರೇಗನಿಗೆ ಇನ್ನೂ ಆರು ಮನೆ ನೋಡಬೇಕಿತ್ತು. ಬಕೆಟ್ಟು ಎತ್ತಿ ನೀರನ್ನು ಒಲೆಯ ಬಾಯಿಗೆ ಸುರಿದ. ಭುಸ್ಸೆಂದು ಬೂದಿ ಮಿಶ್ರಿತ ಹಬೆ ಎದ್ದು ಮುದುಕಿಯ ಮುಖದ ಮೇಲೆ, ಕಂಬಳಿಯ ಮೇಲೆ ಕೂತಿತು. ಡಲ್ಸಿ ಕಣ್ಣು ಒರೆಸಿಕೊಂಡಳು. ಅರ್ಧ ಬೆಂದ ಹಿಟ್ಟಿನ ಮುದ್ದೆ ಕಪ್ಪು ನೀರಿನಲ್ಲಿ ಹೊರಗೆ ಜಾರಿ ನೆಲಕ್ಕೆ ಬಿತ್ತು.

‘ಸಾರಿ,’ ಎಂದ ಕ್ರೇಗ್. ಅವನ ಜನ ಆ ಮಾತನ್ನು ಬಹಳ ಅಗ್ಗಕ್ಕೆ ಕೊಡುತ್ತಾರೆ.

ಲಯನಲ್ ಒಲೆಯನ್ನು ತಬ್ಬಿ ಎತ್ತಿದ. ಕಬ್ಬಿಣ ಇನ್ನೂ ಕಾದಿತ್ತು. ಅಂಗೈ ಸುಟ್ಟಿತು, ಅಂಗಿಯ ಎದೆ ಕರಿದಾಯಿತು. ಬಿಡಲಿಲ್ಲ, ಕೂಗಲಿಲ್ಲ. ಟ್ರಕ್ಕಿನ ಮೇಲೆ ನಿಧಾನಕ್ಕೆ ಇಳಿಸಿದ, ಮಲಗಿದ ಮಗುವನ್ನು ಇಳಿಸುವ ಹಾಗೆ.

ಆಮೇಲೆ ಒಂಬತ್ತು ದಿನ.

ಮೊದಲನೇ ದಿನ ನೊರೀನ್ ನೆಲದಲ್ಲಿ ಗುಂಡಿ ತೋಡಿ ಬೆಂಕಿ ಹಾಕಿದಳು. ರಾತ್ರಿ ಕ್ಯಾಂಪು ಸುತ್ತುವ ಕಾವಲಿನ ಗಾಡಿಯವರು ಬಂದು ಮಣ್ಣು ಮುಚ್ಚಿ, ಫೋಟೋ ತೆಗೆದುಕೊಂಡು ಹೋದರು. ಇನ್ನೊಂದು ಸಲವಾದರೆ ಮನೆಯೇ ಇಲ್ಲ ಎಂದರು. ಮ್ಯಾಕ್ಸೀನ್, ಮಲಗಲು ಜಾಗವಿಲ್ಲದಷ್ಟು ಜನ ತುಂಬಿದ್ದ ತನ್ನ ಮನೆಯ ಕೆಟಲ್ಲಿನಲ್ಲಿ ನೀರು ಕಾಯಿಸಿ, ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ತಂದು ಡಲ್ಸಿಯ ಕಾಲಡಿ ಇಟ್ಟಳು. ಮುಂಗಡ ದುಡ್ಡು ತುಂಬಿದ್ದ ಅವಳ ಕರೆಂಟಿನ ಕಾರ್ಡೂ ಮುಗಿಯಿತು. ನೊರೀನ್ ಅವ್ವನನ್ನು ಮುಂದಿನಿಂದ ತಬ್ಬಿಕೊಂಡು ಮಲಗಿದಳು. ಅವ್ವನ ಬೆನ್ನಿಗೆ ನಾಯಿಗಳನ್ನು ಮಲಗಿಸಿದಳು. ಅವ್ವನ ಎದೆ ಹಳೇ ಎಂಜಿನ್ನಿನಂತೆ ಗೊರಗೊರ ಎನ್ನುವುದು ಅವಳ ಎದೆಗೇ ಕೇಳುತ್ತಿತ್ತು.

ಊಟ ಎಂದರೆ ತಣ್ಣನೆ ಬ್ರೆಡ್ಡು, ಡಬ್ಬಿಯ ಮೀನು. ಕಾಂಗರೂ ಬಾಲ ಎರಡು ತಂದಿಟ್ಟದ್ದು ಹಾಗೇ ಕೂತಿತ್ತು. ಕೆಂಡವಿಲ್ಲದೆ ರೋಮ ಸುಡುವುದೆಲ್ಲಿ, ಬೂದಿಯಿಲ್ಲದೆ ಹುಗಿಯುವುದೆಲ್ಲಿ?

‘ಅವನು ಮಾಡಿದ ಒಲೆ ಎಲ್ಲೇ?’ ಎಂದು ಡಲ್ಸಿ ದಿನಾ ಕೇಳುತ್ತಿದ್ದಳು.

‘ಬರುತ್ತೆ ಅವ್ವಾ.’

‘ಅದು ಕಾಲಿರೋ ವಸ್ತುನಾ, ತಾನೇ ಬರೋಕ್ಕೆ?’

ಎಂಟನೇ ದಿನ ನರ್ಸು ಬಂದಳು. ಡಲ್ಸಿಯ ಬೆನ್ನಿಗೆ ಸ್ಟೆತೊಸ್ಕೋಪಿನ ಕೊಳವೆ ಇಟ್ಟು ಕೇಳಿದಳು. ಅವಳು ಕೆಟ್ಟವಳಲ್ಲ. ಆದರೆ ಅವಳ ಹತ್ತಿರವೂ ಇದ್ದದ್ದು ತುಂಬಬೇಕಾದ ಫಾರಮ್ಮೇ. ‘ಶುಕ್ರವಾರ ಬೆಳಿಗ್ಗೆ ಹಾಸ್ಟೆಲ್ ಗಾಡಿ ಬರುತ್ತೆ, ನೊರೀನ್. ಅಷ್ಟರಲ್ಲಿ ಇವರಿಗೆ ಬೆಚ್ಚಗಿನ ಜಾಗ ಇದೆ ಅಂತ ನನ್ನ ಕಣ್ಣಿಗೆ ತೋರಿಸಿದ್ರೆ ಗಾಡಿನ ಖಾಲಿ ವಾಪಸು ಕಳಿಸ್ತೀನಿ. ಇಲ್ಲಾಂದ್ರೆ ನನ್ನ ಕೈಲೂ ಏನೂ ಇಲ್ಲ.’ ಅವತ್ತು ಮಂಗಳವಾರ.

ಅದೇ ಮಧ್ಯಾಹ್ನ ವಸತಿ ಆಫೀಸಿನ ಮ್ಯಾನೇಜರ್ ಶೆರಿಲ್ ಬಂದಳು. ಕೊರಳಲ್ಲಿ ನಮ್ಮವರು ಬಣ್ಣ ಬರೆದ ದೊಡ್ಡ ಮಣಿಗಳ ಸರ. ಕೈಯಲ್ಲಿ ಕೇಕಿನ ಡಬ್ಬಿ. ನೆಲದ ಮೇಲೆ ಕೂರಬಹುದಾ ಎಂದು ಕೇಳಿ, ಕರ್ಚೀಫು ಹಾಸಿಕೊಂಡು ಕೂತಳು.

‘ಆಂಟಿ ನೊರೀನ್,’ ಎಂದಳು. ನಮ್ಮ ನಂಟಿನ ಮಾತನ್ನು ಕೇಳದೆ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವುದು ಅವರ ಹೊಸ ಮರ್ಯಾದೆ. ‘ಗುರುವಾರ ನಮ್ಮ ಹೊಸ ಆಫೀಸು ಉದ್ಘಾಟನೆ. ಮಂತ್ರಿಗಳು ಬರ್ತಿದಾರೆ. ಹಿರಿಯರಾದ ನೀವು ಬಂದು ಸಾಂಪ್ರದಾಯಿಕವಾಗಿ ಹೊಗೆ ಹಾಕಿಕೊಡಬೇಕು. ನಿಮ್ಮ ಸಂಸ್ಕೃತಿಗೆ ಗೌರವ ಸೂಚಿಸಬೇಕು ಅಂತ ನಮ್ಮ ಆಸೆ.’

ಕಿವಿ ಸರಿಯಾಗಿದೆಯಾ ಎಂದು ನೊರೀನಳಿಗೇ ಅನುಮಾನ ಬಂತು.

‘ಹೊಗೆ?’

‘ಹೌದು. ಸೊಪ್ಪಿನ ಹೊಗೆ.’

‘ಬೆಂಕಿ ಹಚ್ಚಿ?’

‘ಅದೆಲ್ಲ ನಾವು ನೋಡ್ಕೋತೀವಿ. ಅಗ್ನಿಶಾಮಕದಿಂದ ಅನುಮತಿ ತಗೊಂಡಿದೀವಿ. ಎಲ್ಲ ಸುರಕ್ಷಿತ.’

ಮ್ಯಾಕ್ಸೀನ್ ಕೇಕು ಅಗಿಯುತ್ತಾ ಹೇಳಿದಳು: ‘ನಮ್ಮ ಮನೆ ಮುಂದೆ ಬೆಂಕಿ ಹಚ್ಚಿದ್ರೆ ಅಪರಾಧ, ನಿಮ್ಮ ಮನೆ ಮುಂದೆ ಹಚ್ಚಿದ್ರೆ ಸಂಸ್ಕೃತಿ. ಕೇಕು ಚೆನ್ನಾಗಿದೆ ಮೇಡಂ, ಸಕ್ಕರೆ ಜಾಸ್ತಿಯಾಯ್ತು.’

ಶೆರಿಲ್ ನಕ್ಕಳು, ಅದು ತಮಾಷೆ ಎಂದುಕೊಂಡು.

‘ಬರಲ್ಲ,’ ಎಂದಳು ನೊರೀನ್. ‘ನಮ್ಮ ಮನೆ ಇನ್ನೂ ಹೊಗೆ ಕಂಡಿಲ್ಲ. ಹೋಗಿ.’

ಶೆರಿಲ್ ಕೇಕಿನ ಡಬ್ಬಿ ಬಿಟ್ಟು, ‘ಯೋಚಿಸಿ ಆಂಟಿ’ ಎಂದು ಫೋನ್ ನಂಬರು ಬರೆದುಕೊಟ್ಟು ಹೋದಳು.

ಸಂಜೆ ಬಿಸಿಲು ಇರುವಾಗಲೇ ಲಯನಲ್ ಬೇಲಿಯಾಚೆ ಬಂದು ನಿಂತ. ಬಲಗೈಗೆ ಬಟ್ಟೆ ಸುತ್ತಿತ್ತು. ನೊರೀನ್ ಮುಖ ತಿರುಗಿಸಿದಳು. ಅವನು ನಾಯಿಯನ್ನು ಶಿಳ್ಳೆ ಹಾಕಿ ಕರೆದ.

‘ನಾಯಿ, ಕೇಳಿಸ್ಕೋ. ಆಫೀಸಿನ ಷೆಡ್ಡಲ್ಲಿದೆ ಅದು. ನನ್ನ ಕೈಲೇ ಉಜ್ಜಿಸಿದಾರೆ. ಮಸಿ ಎಲ್ಲ ತೆಗ್ಸಿ, ಮೇಲೆ ಚುಕ್ಕಿ ಚುಕ್ಕಿ ಬಣ್ಣ ಬಳ್ಸಿದಾರೆ. ಗುರುವಾರ ಹುಲ್ಲಿನ ಮೇಲೆ ಇಟ್ಟು ಅದರಲ್ಲೇ ಬೆಂಕಿ ಹಾಕ್ತಾರೆ. ವಾರಸುದಾರರಿಲ್ಲ ಅಂತ ಆಫೀಸಿನ ಸ್ವತ್ತು ಮಾಡ್ಕೊಂಡಿದಾರೆ.’ ಸ್ವಲ್ಪ ತಡೆದು ಹೇಳಿದ: ‘ನನ್ನ ಟ್ರಕ್ಕು ಅಲ್ಲೇ ಪಕ್ಕ ನಿಂತಿರುತ್ತೆ. ಅಷ್ಟೇ ನಾಯಿ.’

ಅವನು ಹೋದ. ನೊರೀನ್ ಎದ್ದು ನಿಂತಳು. ತಮ್ಮ ಬೆಸೆದ ಕಬ್ಬಿಣ. ಅವನ ಮಸಿ ಉಜ್ಜಿ ತೆಗೆದು ಬಣ್ಣ ಬಳಿದಿದ್ದಾರೆ. ಯಾರ ಅಪ್ಪನ ಮನೆ ಗಂಟು ಎಂದು? ಮೈಯೆಲ್ಲ ಉರಿದುಹೋಯಿತು.

‘ಮ್ಯಾಕ್ಸೀನ್, ಆ ನಂಬರಿಗೆ ಫೋನು ಮಾಡು. ಬರ್ತಾಳಂತೆ ಅನ್ನು. ನಾಲ್ಕು ಜನ ಹೆಂಗಸರು ಬೇಕು. ಎರಡು ಹಾರೆ.’

‘ಹಾರೆ ಯಾಕೇ ಅಂತ ಕೇಳಿದ್ರೆ?’

‘ಸಂಸ್ಕೃತಿ ಅನ್ನು. ಬಾಯಿ ಮುಚ್ಕೋತಾರೆ.’

ಗುರುವಾರ ಬೆಳಿಗ್ಗೆ ಹೊಸ ಆಫೀಸಿನ ಮುಂದೆ ಸುರುಳಿಯಲ್ಲಿ ತಂದು ಹಾಸಿದ ಹಸಿರು ಹುಲ್ಲು. ಮರಳುಗಾಡಿನಲ್ಲಿ ಹುಲ್ಲಿಗೆ ನೀರಿತ್ತು. ಬಿಳೀ ಕುರ್ಚಿಗಳ ಸಾಲು. ಕುರ್ಚಿಗಳಲ್ಲಿ ಮಂತ್ರಿ, ಮಂತ್ರಿಯ ಹಿಂದೆ ಮಂತ್ರಿಯ ಫೋನು ಹಿಡಿದವನು, ಆಫೀಸಿನವರು, ಪತ್ರಿಕೆಯವರು. ಕಾಫಿಯ ಗಾಡಿ. ಹುಲ್ಲಿನ ನಡುವೆ ಒಲೆ. ಕೆಂಪು ಹಳದಿ ಬಿಳಿ ಚುಕ್ಕಿ ಬಳಿಸಿಕೊಂಡು, ಮದುವೆಗೆ ಹೊರಟ ಹೆಣದ ಹಾಗೆ ನಿಂತಿತ್ತು. ಪಕ್ಕದಲ್ಲಿ ಒಂದು ಫಲಕ: ‘ಅನುಮತಿ ಪಡೆದ ಬೆಂಕಿ’. ಅದರ ಪಕ್ಕ ಬೆಂಕಿ ಆರಿಸುವ ಸಿಲಿಂಡರು ಹಿಡಿದ ಒಬ್ಬ ಮನುಷ್ಯ. ಒಲೆಯಲ್ಲಿ ಅಂಗಡಿಯಿಂದ ತಂದ ಪ್ಯಾಕೆಟ್ಟಿನ ಸೌದೆ ಉರಿಯುತ್ತಿತ್ತು.

ನೊರೀನ್ ನಡೆದು ಬಂದಳು. ಹಿಂದೆ ಮ್ಯಾಕ್ಸೀನ್ ಮತ್ತು ಕ್ಯಾಂಪಿನ ಇನ್ನಿಬ್ಬರು ಹೆಂಗಸರು, ಹೆಗಲ ಮೇಲೆ ಹಾರೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ರೇಗ್ ಕೂಡ ತಟ್ಟಿದ. ಕಪ್ಪು ಕನ್ನಡಕ ತೆಗೆದಿದ್ದ, ಗೌರವಕ್ಕೆ.

ಶೆರಿಲ್ ಮೈಕು ಹಿಡಿದು, ಈ ನೆಲದ ಹಿರಿಯರಿಗೆ ನಮನ ಎಂದಳು. ಹಿಂದಿನವರಿಗೆ, ಇಂದಿನವರಿಗೆ, ಮುಂದಿನವರಿಗೆ ಎಂದಳು. ಹಿಂದಿನವನೊಬ್ಬನ ಹೆಣ ಇನ್ನೂ ನಗರದ ಪೆಟ್ಟಿಗೆಯಲ್ಲಿತ್ತು. ಇಂದಿನವಳೊಬ್ಬಳು ತಗಡಿನ ಮರೆಯಲ್ಲಿ ಗೊರಗುಡುತ್ತಿದ್ದಳು. ಆಮೇಲೆ ಮೈಕನ್ನೂ ಒಂದು ಕಟ್ಟು ಹಸಿ ಸೊಪ್ಪನ್ನೂ ನೊರೀನಳ ಕೈಗೆ ಕೊಟ್ಟಳು.

ನೊರೀನ್ ಸೊಪ್ಪನ್ನು ತಿರುಗಿಸಿ ನೋಡಿದಳು. ಆಫೀಸಿನ ಬೇಲಿಗಿಡದಿಂದ ಕತ್ತರಿಸಿದ್ದು. ನೆಲಕ್ಕೆ ಹಾಕಿದಳು.

‘ನಮ್ಮಲ್ಲಿ ಯಾರಾದ್ರೂ ಸತ್ತ ಮನೆಗೆ ಹೊಗೆ ಹಾಕ್ತೀವಿ,’ ಎಂದಳು ಮೈಕಿಗೆ. ‘ಇಲ್ಲಿ ಯಾರು ಸತ್ರು?’

ಕುರ್ಚಿಗಳಲ್ಲಿ ಯಾರೋ ನಕ್ಕರು. ನಕ್ಕವರು ಅವಳ ಮುಖ ನೋಡಿ ನಿಲ್ಲಿಸಿದರು.

‘ಕೇಳ್ತಾ ಇದೀನಿ. ಯಾರು ಸತ್ರು? ಮಂತ್ರಿಗಳೇ, ನೀವು ಬದುಕಿದೀರಿ ತಾನೇ? ಈ ಹುಡುಗ ಬದುಕಿದಾನೆ. ಮೇಡಂ ಬದುಕಿದಾರೆ. ಮತ್ತೆ ಹೊಗೆ ಯಾಕೆ? ಸಾವಾದ ಮನೆ ನಂದು. ಸತ್ತೋನು ನನ್ನ ತಮ್ಮ. ಅವನ ಹೆಣ ಕೊಡಿ ಅಂದ್ರೆ ಕೊಡಲ್ಲ. ಅವನ ಮನೆಗೆ ಹೊಗೆ ಹಾಕ್ತೀನಿ ಅಂದ್ರೆ ಬೆಂಕಿ ಹಚ್ಚಬೇಡ ಅಂತೀರಿ. ನನ್ನ ಅವ್ವನ ಮುಖಕ್ಕೆ ಬೂದಿ ನೀರು ಎರಚಿ, ಒಲೆ ಹೊತ್ಕೊಂಡು ಬಂದು, ಬಣ್ಣ ಬಳ್ದು, ಈಗ ನನ್ನನ್ನೇ ಕರ್ದು ನಮ್ಮ ಗೃಹಪ್ರವೇಶ ಮಾಡ್ಸು ಅಂತೀರಿ. ನಿಮಗೆ ಮಾನ ಇದೆಯಾ?’

‘ಆಂಟಿ, ಆ ವಿಷಯ ಆಮೇಲೆ ಒಳಗೆ ಕೂತು...’ ಎಂದು ಶೆರಿಲ್ ಮೈಕಿಗೆ ಕೈ ಹಾಕಿದಳು.

‘ನಾನು ನಿನ್ನ ಆಂಟಿ ಅಲ್ಲ. ನಿನ್ನಂಥ ಮಗಳನ್ನ ನಮ್ಮ ಅಕ್ಕತಂಗೇರು ಯಾರೂ ಹೆತ್ತಿಲ್ಲ.’

ಮೈಕನ್ನು ಮಂತ್ರಿಯ ತೊಡೆಯ ಮೇಲೆ ಇಟ್ಟಳು. ‘ನಾಳೆ ಬೆಳಿಗ್ಗೆ ನಮ್ಮವ್ವನ್ನ ಹಾಸ್ಟೆಲ್ಲಿಗೆ ಎತ್ಕೊಂಡು ಹೋಗೋಕ್ಕೆ ಗಾಡಿ ಬರುತ್ತೆ. ಅವಳು ಹೋಗಲ್ಲ. ಒಲೆ ಬರುತ್ತೆ.’

ಹಾರೆ ತಗೊಂಡು ಒಲೆಯ ಕತ್ತಿಗೆ ಕೊಟ್ಟು ಮಗುಚಿದಳು. ಉರುಳಿ ಬಂದ ಕೆಂಡ, ಉರಿಯುವ ಕೊಳ್ಳಿ, ಬೂದಿ ಎಲ್ಲ ಹೊಸ ಹುಲ್ಲಿನ ಮೇಲೆ ಹರಡಿತು. ಹುಲ್ಲಿನ ಕೆಳಗಿದ್ದ ಪ್ಲಾಸ್ಟಿಕ್ಕು ಸುರುಟಿಕೊಂಡು ಕೆಟ್ಟ ವಾಸನೆ ಹೊಡೆಯಿತು. ಕುರ್ಚಿಗಳು ಹಿಂದಕ್ಕೆ ಸರಿದವು. ಮಂತ್ರಿ ಕಾಲು ಎತ್ತಿಕೊಂಡ. ಕ್ರೇಗ್ ಓಡಿ ಬಂದ. ‘ನೊರೀನ್! ಇದು... ಇದು ಅಪಾಯ!’

‘ಬೆಂಕಿ ನಿಮ್ಮದು. ಅನುಮತಿ ತಗೊಂಡಿರೋರು ನೀವು,’ ಎಂದಳು ನೊರೀನ್. ‘ಇಟ್ಕೊಳ್ಳಿ. ಒಲೆ ನಮ್ಮದು.’

ಎರಡೂ ಹಾರೆಗಳನ್ನು ಒಲೆಯ ತೂತುಗಳಲ್ಲಿ ಅಡ್ಡಕ್ಕೆ ತೂರಿಸಿದರು. ನಾಲ್ಕು ಹೆಂಗಸರು, ನಾಲ್ಕು ತುದಿ. ಮಂಡಿ ಬಗ್ಗಿಸಿ ಎತ್ತಿದರು. ಕಾದ ಕಬ್ಬಿಣದ ಝಳ ಮುಖಕ್ಕೆ ಹೊಡೆಯುತ್ತಿತ್ತು. ನೊರೀನಳ ಮಂಡಿ ಲಟಕ್ ಎಂದಿತು. ‘ಬಿಡಬೇಡ ಕಣೇ,’ ಎಂದಳು ಮ್ಯಾಕ್ಸೀನ್. ‘ಬಿಟ್ಟರೆ ನಿನ್ನ ಕಾಲ ಮೇಲೇ ಬೀಳುತ್ತೆ, ಆಮೇಲೆ ನಿನ್ನನ್ನೂ ಹೊರಬೇಕು ನಾನು.’ ಬಳಿದ ಬಣ್ಣ ಕಾವಿಗೆ ಉಬ್ಬಿ ಸುಲಿದು ಬೀಳುತ್ತಿತ್ತು, ಕೆಳಗಿನ ಕಬ್ಬಿಣ ಕಾಣುತ್ತಿತ್ತು.

ಪಕ್ಕದಲ್ಲಿ ಟ್ರಕ್ಕು ನಿಂತಿತ್ತು. ಲಯನಲ್ ಬೆನ್ನು ತೋರಿಸಿಕೊಂಡು ಹಿಂದಿನ ಹಲಗೆ ಇಳಿಸಿದ, ತಿರುಗಿ ನೋಡದೆ ಮುಂದೆ ಹೋಗಿ ಹತ್ತಿ ಕೂತ, ಎಂಜಿನ್ ಚಾಲೂ ಮಾಡಿದ.

‘ಲಯನಲ್!’ ಶೆರಿಲ್ ಕಿರುಚಿದಳು. ಇಷ್ಟು ಹೊತ್ತು ಇದ್ದ ಮೆತ್ತನೆಯ ದನಿ ಎಲ್ಲೋ ಹೋಗಿತ್ತು. ‘ಯಾರ ಅಪ್ಪಣೆ? ಕೆಲಸ ಬೇಕೋ ಬೇಡವೋ ನಿನಗೆ?’

ಲಯನಲ್ ಕಿಟಕಿಯಿಂದ ತಲೆ ಹೊರಹಾಕಿದ. ‘ಒಲೆ ಹೊರೋದು ನನ್ನ ಕೆಲಸ ಅಂತ ನೀವೇ ಅಂದ್ರಲ್ಲ ಮೇಡಂ? ಅದನ್ನೇ ಮಾಡ್ತಾ ಇದೀನಿ. ಇಳಿಸಿ ಬಂದು ಬೀಗದಕೈ ಕೊಡ್ತೀನಿ. ಅಂಗಿನೂ ಕೊಡ್ತೀನಿ, ಎದೆ ಮೇಲೆ ಸ್ವಲ್ಪ ಸುಟ್ಟಿದೆ.’

ಹೆಂಗಸರು ನಾಲ್ವರೂ ಒಲೆಯ ಸುತ್ತ ಹತ್ತಿ ಕೂತರು. ಟ್ರಕ್ಕು ಹೊರಟಿತು. ಹಿಂದೆ ಹುಲ್ಲಿನ ಮೇಲೆ ಕೆಂಡ ಇನ್ನೂ ಹೊಗೆಯಾಡುತ್ತಿತ್ತು. ಸಿಲಿಂಡರು ಹಿಡಿದವನು ಶೆರಿಲ್‌ಳನ್ನು ಕೇಳುತ್ತಿದ್ದ, ಆರಿಸುವುದೋ, ಇಲ್ಲ ಇದೂ ಕಾರ್ಯಕ್ರಮದಲ್ಲಿದೆಯೋ ಎಂದು.

ಪೇಟೆಯ ನಡುವಿನ ರಸ್ತೆಯಲ್ಲಿ ಜನ ನಿಂತು ನೋಡಿದರು. ನೊರೀನ್ ತಲೆ ತಗ್ಗಿಸಲಿಲ್ಲ. ಆ ರಸ್ತೆಯಲ್ಲಿ ಅವಳು ತಲೆ ತಗ್ಗಿಸದೆ ಹೋದದ್ದು ಅದೇ ಮೊದಲು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನ್ಯಾಯ ಸಿಕ್ಕಿತು ಎಂದೇನೂ ಅವಳಿಗೆ ಅನಿಸಲಿಲ್ಲ. ತಮ್ಮ ಇನ್ನೂ ಬಂದಿಲ್ಲ. ಮನೆಯ ಬಾಗಿಲು ಇನ್ನೂ ಮುಚ್ಚಿದೆ. ಒಲೆ ಮಾತ್ರ ಮನೆಗೆ ಬರುತ್ತಿತ್ತು.

ಅಂಗಳದಲ್ಲಿ ಒಲೆ ಇಳಿಯಿತು. ಲಯನಲ್ ಆಫೀಸಿಗೆ ಹೋಗಿ ಬೀಗದಕೈ ಎಸೆದು ನಡೆದುಕೊಂಡೇ ಮನೆಗೆ ಬಂದ. ಕೆಲಸ ಹೋಯಿತು. ನೊರೀನಳ ಮಗಳು ಗಂಡನಿಗೆ ಅವತ್ತು ಬಯ್ಯಲಿಲ್ಲ. ಕಾಂಗರೂ ಬಾಲದ ದಪ್ಪನೆಯ ತುಂಡನ್ನು ನೊರೀನ್ ಮಗಳ ಕೈಯಲ್ಲಿ ಅವನಿಗೆ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಹಾಸ್ಟೆಲ್ ಗಾಡಿ ಬಂತು. ನರ್ಸು ಇಳಿದಳು. ಮಲ್ಗಾ ದಿಮ್ಮಿ ಒಳಗೆ ಕೆಂಪಗೆ ಕೂತಿತ್ತು. ಮೇಲಿನ ಉಕ್ಕಿನ ತಟ್ಟೆಯ ಮೇಲೆ ಚಹಾ ಕುದಿಯುತ್ತಿತ್ತು. ಡಲ್ಸಿ ಕಂಬಳಿ ಭುಜದಿಂದ ಜಾರಿಸಿಕೊಂಡು, ಎರಡೂ ಪಾದ ಒಲೆಗೆ ತೋರಿಸಿಕೊಂಡು, ಬೂದಿ ಕೊಡವಿ ರೊಟ್ಟಿ ತಿನ್ನುತ್ತಿದ್ದಳು. ನರ್ಸು ಅವಳ ಕೈ ಹಿಡಿದು ನೋಡಿದಳು, ಬೆನ್ನಿಗೆ ಕೊಳವೆ ಇಟ್ಟು ಕೇಳಿದಳು, ಒಲೆಯ ಕಡೆ ನೋಡಿದಳು. ‘ನಾನು ಇದನ್ನ ನೋಡಿಲ್ಲ,’ ಎಂದು ಫಾರಮ್ಮಿನಲ್ಲಿ ‘ಬೆಚ್ಚಗಿದ್ದಾರೆ’ ಎಂದು ಗುರುತು ಹಾಕಿದಳು. ಗಾಡಿ ಖಾಲಿ ಹೋಯಿತು.

ಅದರ ಧೂಳು ಕೂರುವ ಮೊದಲೇ ಮ್ಯಾಕ್ಸೀನ್ ಬೇಲಿಯಿಂದ ಕೂಗಿದಳು. ‘ಅಕ್ಕಾ! ಇನ್ನೊಂದು ಗಾಡಿ ಬರ್ತಿದೆ. ಬಿಳೀದು. ಆಫೀಸಿನದು. ಹಿಂದೆ ಪೊಲೀಸರ ಗಾಡಿನೂ ಇದೆ.’

ನೊರೀನ್ ಏಳಲಿಲ್ಲ. ಹಾರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಲೆಗೆ ಬೆನ್ನು ಕೊಟ್ಟು ಕೂತಳು. ಅಕ್ಕಪಕ್ಕದ ಅಂಗಳಗಳಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತರು, ಯಾರೂ ಕರೆಯದೆ.

‘ಯಾರೇ ಅದು ಬರ್ತಿರೋದು?’ ಎಂದಳು ಡಲ್ಸಿ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

‘ಆಫೀಸಿನವರು ಅವ್ವಾ.’

‘ಏನು ತರ್ತಿದಾರೆ?’

‘ಕಾಗದ. ಅವರು ಇನ್ನೇನು ತರ್ತಾರೆ?’

ಡಲ್ಸಿ ಒಲೆಯೊಳಗೆ ಬಗ್ಗಿ ನೋಡಿದಳು. ದಿಮ್ಮಿ ಅರ್ಧ ಮುಗಿದಿತ್ತು.

‘ಕಾಗದ ಎಷ್ಟೊತ್ತು ಉರಿಯುತ್ತೆ?’ ಎಂದಳು ಮುದುಕಿ. ‘ಸೌದೆ ಹೊತ್ಕೊಂಡು ಬರೋಕ್ಕೆ ಹೇಳು ಅವರಿಗೆ.’